ಪಗಾರ

ಬೈತಕೋಲದ ಬರ್ಫದ ಕಾರ್ಖಾನೆಯಲ್ಲಿ
ಶನಿವಾರ ಸಂಜೆ ಪಗಾರ ಹಂಚುವವಳು ನಾನು.
ಹೆಬ್ಬೆಟ್ಟಿಗೆ ಶಾಯಿ ಹಚ್ಚುವ ಮೊದಲು
ಸೆರಗಿಗೋ ಲುಂಗಿಗೋ ಕೈ ಒರೆಸಿಕೊಳ್ಳುತ್ತಾರೆ,
ಆದರೂ ಪುಸ್ತಕದ ಹಾಳೆಗೊಂದು ಮೀನ ಹುರುಪೆ
ಅಂಟಿಯೇ ಇರುತ್ತದೆ.

ರುಜಾರನಿಗೆ ಎಪ್ಪತ್ತೆರಡು. ರಾತ್ರಿ ಗೇಟು ಕಾಯುತ್ತಾನೆ.
ಮೊದಲು ಹಡಗಿನಲ್ಲಿ ಅಡುಗೆಯವ.
ಲಿಸ್ಬನ್ನು, ಕಾಡಿಜ್, ಜಿನೋವಾ, ಮಾರ್ಸೇಲು ಎನ್ನುತ್ತಾನೆ
ಕಂಡಕ್ಟರು ಬಿಣಗಾ, ಅರ್ಗಾ, ಅಮದಳ್ಳಿ ಎಂದು ಕೂಗಿದ ಹಾಗೆ.

"ಬಾಯೀ, ಈ ಪಗಾರ ನಮ್ಮದಲ್ಲ,"
ಅಂದ ಒಮ್ಮೆ, ನೋಟು ಎಣಿಸುತ್ತ.
"ಪೋರ್ತುಗೀಸರು ಇಳಿಸಿ ಹೋದದ್ದು.
ಸ್ಪೇನಿನವರೂ ಪಗಾರ್ ಅಂತಲೇ ಅಂತಾರೆ,
ಇಟಲಿಯಲ್ಲಿ ಪಗಾರೆ,
ಫ್ರೆಂಚರ ಬಾಯಲ್ಲಿ ಗಕಾರ ಕರಗಿ ಪೆಯೇ,
ಇಂಗ್ಲಿಷಿನವ ಬಂಗಡೆ ಕೊಯ್ದ ಹಾಗೆ
ಬಾಲ ಬಿಸಾಕಿ ತಲೆಯಷ್ಟೇ ಇಟ್ಟುಕೊಂಡ: ಪೇ.
ಎಲ್ಲರಿಗೂ ಅಜ್ಜಿ ಒಬ್ಬಳೇ, ಲ್ಯಾಟಿನ್ ಅಜ್ಜಿ.
ಹಡಗಿನಲ್ಲೊಬ್ಬ ಪಾದ್ರಿ ಹೇಳಿದ್ದ."

ಅರ್ಥ?

"ಶಾಂತ ಮಾಡು. ಸಮಾಧಾನ ಪಡಿಸು.
ಹಿಂದೆ ಇಗರ್ಜಿಯಲ್ಲಿ ಪಾಕ್ಸ್, ಪಾಕ್ಸ್ ಅನ್ನುತ್ತಿದ್ದರಲ್ಲ,
ಅದೇ ಬೇರು."

ನಾನು ನಗಲಿಲ್ಲ.
ಸಿಗಡಿ ಸುಲಿಯುವ ಶೆಡ್ಡಿನ ಮೆಟ್ಟಿಲ ಮೇಲೆ
ಆಯಿ ನಿಂತದ್ದು ಕಂಡಿತು.
ಮೂರು ವಾರದ ಬಾಕಿ.
ಬರ್ಫದ ನೀರಲ್ಲಿ ಅದ್ದಿ ಅದ್ದಿ ಬೆಳ್ಳಗೆ ಸುಕ್ಕಿದ ಬೆರಳು,
ಆ ಬೆರಳನ್ನೇ ಮಾಲೀಕನ ಜೀಪಿಗೆ ಚಾಚಿ ಬೈದಿದ್ದಳು
ಬಂದರದ ನಾಯಿಗಳೂ ಎದ್ದು ಹೋಗುವಂಥ ಬೈಗುಳ.
ಅವನು ಗಾಜು ಅರ್ಧ ಇಳಿಸಿ
"ಶಾಂತ ಆಗು ತುಳಸೂ, ಶಾಂತ ಆಗು.
ಪಗಾರ ಆಮೇಲೆ ನೋಡುವಾ" ಅಂದಿದ್ದ.

ಆಮೇಲೆ.
ಶಬ್ದದ ಹೊಟ್ಟೆಯೊಳಗಿನದನ್ನೇ
ಮುಂಗಡ ಕೇಳಿದ್ದ, ಶಬ್ದ ಕೊಡದೆ.

ಸಂಬಳ ಅಂದರೆ ದಾರಿಬುತ್ತಿ,
ಇದು ನಮ್ಮ ಕನ್ನಡ ಮಾಸ್ತರರು ಹೇಳಿದ್ದು.
ಆಯಿಗೆ ಇದ್ದ ದಾರಿ ಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ.
ಬುತ್ತಿ ಅವಳೇ ಕಟ್ಟಿಕೊಂಡಳು,
ಕಡ ತಂದ ಅಕ್ಕಿಯದು.

ಇವತ್ತು ದುಡ್ಡು ಬಂದಿಲ್ಲ.
ಸೋಮವಾರ ಅನ್ನು, ಗಲಾಟೆ ಆಗದ ಹಾಗೆ ನೋಡಿಕೋ,
ಎಂದು ಫೋನು.
ಹೊರಗೆ ಸಾಲು.
ಎಲ್ಲರ ಮುಂದೆ ನಾಗವೇಣಿ ಹರಿಕಂತ್ರ,
ಹೆಬ್ಬೆಟ್ಟು ಆಗಲೇ ಒರೆಸಿಕೊಂಡಿದ್ದಾಳೆ.

ನಾಲಿಗೆ ತುದಿಗೆ ಬಂದಿತ್ತು, ಆ ಎರಡು ಮಾತು.
ನುಂಗಿದೆ.
ಅರ್ಧ ತೆರೆದಿದ್ದ ಕಿಟಕಿಯನ್ನು ಪೂರ್ತಿ ತೆರೆದೆ.

"ಬಂದಿಲ್ಲ," ಅಂದೆ. "ಬೈಯಿರಿ."