ಠಾಣೆಯಲ್ಲಿರುವ ಕೋವಿ

ಎಲೆಕ್ಷನ್ನು ಬಂತೆಂದು ಇವರ ಕೋವಿ
ಅಂಕೋಲೆ ಠಾಣೆಯಲ್ಲಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಒರಗಿದೆ.
ರಶೀದಿ ನನ್ನ ಅಕ್ಕಿ ಡಬ್ಬಿಯಲ್ಲಿ.
ಹಂದಿಗಳಿಗೆ ಯಾರು ಹೇಳಿದರೋ,
ಅವತ್ತಿನಿಂದ ದಿನಾ ಶೇಂಗಾ ಗದ್ದೆಗೆ.

ನಿನ್ನೆ, ಮಂಗಳೂರು ಗಾಡಿ ಹೋದಮೇಲೆ,
ಗೇರುಗುಡ್ಡದ ಕಡೆ ಬೇಲಿ ಕಿರುಗುಟ್ಟಿತು.
ಹಂದಿಯೆಂದೇ ಎದ್ದೆ.
ಹಂದಿಯ ಹಣೆಯಲ್ಲಿ ಬ್ಯಾಟರಿ ಇರುತ್ತದೆಯೆ?
ಎರಡು ಬೆಳಕು, ನಡುವೆ ಉದ್ದನೆಯದೊಂದು ನಳಿಗೆ.
ಲೈಸೆನ್ಸ್ ಇದ್ದ ಕೋವಿ ಠಾಣೆಯಲ್ಲಿ,
ಇಲ್ಲದ್ದು ನನ್ನ ಗದ್ದೆಯಲ್ಲಿ.

ಕೈಗೆ ಸಿಕ್ಕಿದ್ದು ಹಳೇ ಉದ್ದ ಕೊಡೆ.
ಸೊಂಟ ಹಿಡಿದು ಮಲಗಿದವರು ಒಳಗಿಂದಲೇ ಅಂದರು:
“ಬೈಬೇಡ. ಹೆಸರು ಹಿಡಿದು ಕರೆ.
ಹೆಸರು ಸಿಕ್ಕವನ ಬೆರಳು ಕುದುರೆಯಿಂದ ಇಳಿಯುತ್ತದೆ.”

ಹೆಸರೆಲ್ಲಿಂದ ತರಲಿ?
ಅಷ್ಟರಲ್ಲಿ ಒಬ್ಬ ಕೆಮ್ಮಿದ.
ರೇಷನ್ ಸಾಲಿನಲ್ಲಿ ನನ್ನ ಹಿಂದೆ ನಿಲ್ಲುವ ಕೆಮ್ಮು.
“ಯಾರು, ಬೀರಣ್ಣನೋ?”

ಎರಡೂ ಬೆಳಕು ಆರಿದವು.
ಆಗ ಹೆದರಿದೆ ನೋಡಿ.
ನಳಿಗೆ ಯಾವ ದಿಕ್ಕಿಗೋ, ಕತ್ತಲಿಗೇ ಗೊತ್ತು.

“ಏಡಿ ಹಿಡೀಲಿಕ್ಕೆ ಬಂದದ್ದು, ಅಕ್ಕಾ.”
“ಗುಡ್ಡದ ಮೇಲೆ ಏಡಿಯೇನೋ?”
ಉತ್ತರವಿಲ್ಲ. ಯಾರೋ ಮೂಗಿನೊಳಗೇ ನಕ್ಕರು,
ನಾನೇ ಇರಬೇಕು.
“ಹೋಗುವಾಗ ಬೇಲಿ ಕಟ್ಟಿ ಹೋಗಿ” ಎಂದೆ,
ಕೊಡೆಯನ್ನಿನ್ನೂ ಅವರ ಕಡೆಗೇ ಹಿಡಿದು.

ಬೆಳಿಗ್ಗೆ ನೋಡಿದರೆ ಕಟ್ಟಿದ್ದರು,
ನನ್ನ ಗಂಟಿಗಿಂತ ಬಿಗಿ.
ಪಡುಗಡೆ ಮೂಲೆಯಲ್ಲಿ,
ನಾವು ಅಷ್ಟು ಮಾತಾಡುವಷ್ಟರಲ್ಲಿ,
ನಾಲ್ಕು ಸಾಲು ಶೇಂಗಾ ಉತ್ತಂತೆ ಮಗುಚಿ ಬಿದ್ದಿತ್ತು.

ಓಟಿಗೆ ಇನ್ನೂ ಹನ್ನೊಂದು ದಿನ.