ತಿರುಗಬೇಕಾದದ್ದು ತಗಡು

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ನಾನು,
ಬ್ರೆಶಾದಿಂದ ಗಾರ್ದೋನೆಗೆ, ಗಾರ್ದೋನೆಯಿಂದ ಬ್ರೆಶಾಕ್ಕೆ,
ಮೆಲ್ಲಾ ಹೊಳೆಯ ಪಕ್ಕದಲ್ಲೇ.
ತಿರುವು ಬಂದರೆ ಚಕ್ರ ತಿರುಗಿಸಬೇಕು,
ಕೈಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಅದಕ್ಕೇ ಮೊದಲ ದಿನವೇ ಎಡವಟ್ಟಾಯಿತು.
ಎರ್ಮೀನಿಯಾ, ಬಂದೂಕಿನ ಪಕ್ಕೆಗಳ ಮೇಲೆ
ಕಾಡುಕೋಳಿ, ನಾಯಿ, ಓಕ್ ಎಲೆ ಕೆತ್ತಿ ಕೆತ್ತಿ
ಬೆನ್ನು ಬಾಗಿದಾಕೆ,
ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು:
“ಉಳಿ ತಿರುಗಿಸಬೇಡ, ಔರೇಲಿಯೊ.
ಉಳಿ ನಿಂತಲ್ಲೇ ಇರಲಿ.
ತಿರುಗಬೇಕಾದದ್ದು ತಗಡು.”

ತಗಡು ತಿರುಗಿತು. ಉಳಿ ಜಾರಿತು.
ಎಡಗೈ ಹೆಬ್ಬೆರಳ ಬುಡದಲ್ಲಿ
ಸಣ್ಣದೊಂದು ಕೆಂಪು ಅಲ್ಪವಿರಾಮ.

ಒಂದು ತಿಂಗಳು ಬರೀ ಗೆರೆ.
ಅಂಗೈಯ ಗುಳಿಯಲ್ಲಿ ಅಣಬೆಯಂಥ ಹಿಡಿ,
ಎದುರಿಗೆ ಕೂದಲಿನಷ್ಟು ತೆಳು ಉಕ್ಕಿನ ಸುರುಳಿ
ಏಳುತ್ತ ಹೋದರೆ ಸರಿ; ಪುಡಿಯಾದರೆ ಮೊನೆ ಸತ್ತಿದೆ.
ಹೆಬ್ಬೆರಳ ಉಗುರಿಗೆ ತಾಗಿಸಿ ಕೇಳು, ಅನ್ನುತ್ತಾಳೆ:
ಕಚ್ಚಿದರೆ ಬದುಕಿದೆ, ಜಾರಿದರೆ ಸಾಣೆಗೆ ಒಯ್ಯಿ.

ಎರಡನೇ ತಿಂಗಳು ಎಲೆ.
ನನ್ನ ಮೊದಲ ಬಳ್ಳಿ, ಮೊದಲ ಎಲೆ,
ಶನಿವಾರವೆಲ್ಲ ಕೂತು ತೀಡಿದ್ದು.
ನಿವೆಸ್ ಅದನ್ನು ಕಿಟಕಿಯ ಹತ್ತಿರ ಹಿಡಿದು
“ಎಷ್ಟು ಚೆಂದ” ಅಂದಿದ್ದಳು, ಸೂಪಿನ ಸೌಟು ಇನ್ನೊಂದು ಕೈಯಲ್ಲಿ.
ಹೆತ್ತವರಿಗೆ ಹೆಗ್ಗಣ ಮುದ್ದು; ಹೆತ್ತವನ ಹೆಂಡತಿಗೂ.

ಎರ್ಮೀನಿಯಾ ಕನ್ನಡಕ ಹಣೆಗೇರಿಸಿ
ಭೂತಗನ್ನಡಿ ಕಣ್ಣಿಗಿಟ್ಟಳು.
ಬಹಳ ಹೊತ್ತು.
“ಎಲೆಕೋಸು,” ಎಂದಳು.
ಆಮೇಲೆ ಕೆಂಪು ಪೆನ್ಸಿಲ್ಲು:
“ಇಲ್ಲಿ ಉಸಿರು ಬಿಟ್ಟಿದ್ದೀಯ. ಇಲ್ಲಿ ಮತ್ತೆ ಬಿಟ್ಟಿದ್ದೀಯ.
ಇಲ್ಲಿ ಹೆದರಿ ಗೆರೆ ತೆಳ್ಳಗಾಗಿದೆ.
ಹೆದರಿದ್ದು ಗೊತ್ತಾಗದಿರಲೆಂದು ಇಲ್ಲಿ ಎರಡು ಸಲ ತೀಡಿದ್ದೀಯ.
ಈ ಬಳ್ಳಿ ಎಲ್ಲಿಂದ ಹೊರಟಿತು? ಅದಕ್ಕೇ ಗೊತ್ತಿಲ್ಲ.”

ಬೆಳಕು ಸಾಲದು ಎಂದೆ. ಉಕ್ಕು ಗಡುಸು ಎಂದೆ.
ಕುಣಿಯಲಾರದವನಿಗೆ ಗಾರ್ದೋನೆಯ ನೆಲವೂ ಡೊಂಕು.
ಆಕೆ ವಾದಿಸಲಿಲ್ಲ. ಕಾಫಿ ಕಾಯಿಸಿ
ಒಂದೇ ಲೋಟಕ್ಕೆ ಬಗ್ಗಿಸಿಕೊಂಡಳು.

ಒಂಬತ್ತು ದಿನ ಹೋಗಲಿಲ್ಲ.
ಹತ್ತನೇ ಸಂಜೆ, ನಿವೆಸ್ ತಂಗಿಯ ಮನೆಗೆ ಹೋಗಿದ್ದಾಗ,
ಅಡುಗೆಮನೆ ಮೇಜಿನ ಮೇಲೆ ತಗಡನ್ನಿಟ್ಟು
ದೀಪವನ್ನು ಪಕ್ಕಕ್ಕೆ, ಕೆಳಕ್ಕೆ, ಓರೆಗೆ ಸರಿಸಿದೆ.
ಓರೆ ಬೆಳಕು ಚಾಡಿಕೋರ.
ಪ್ರತಿ ಉಸಿರೂ ಕಂಡಿತು. ಪ್ರತಿ ಹೆದರಿಕೆಯೂ.
ಎರಡು ಸಲ ತೀಡಿದ ಜಾಗ
ಸುಳ್ಳು ಹೇಳಿದವನ ತುಟಿಯಂತೆ ದಪ್ಪಗಿತ್ತು.
ಕೆಂಪು ಪೆನ್ಸಿಲ್ಲು ಬಿಟ್ಟಿದ್ದ ಇನ್ನೆರಡು ತಪ್ಪೂ ಸಿಕ್ಕವು,
ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.
ನಕ್ಕೆನೋ ಏನೋ.
ಎಲೆಕೋಸೇ. ಒಳ್ಳೆ ಬಲಿತ ಎಲೆಕೋಸು.

ಮರುದಿನ ಹೋದೆ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.
ತಾನು ಕೆತ್ತುತ್ತಿದ್ದ ಪಕ್ಕೆಯನ್ನು ನನ್ನತ್ತ ತಿರುಗಿಸಿ
“ಮೂರು ವಾರ ನೋಡಿ ನೋಡಿ ಕಣ್ಣು ಸವೆದಿದೆ.
ನಿನ್ನದು ಹೊಸ ಕಣ್ಣು. ಏನು ಸರಿಯಿಲ್ಲ, ಹೇಳು.”
ಚುಕ್ಕಿ ಚುಕ್ಕಿ ಸೇರಿ ಹಾರುತ್ತಿದ್ದ ಹಕ್ಕಿ, ಕೆಳಗೆ ನಾಯಿ.
ಏನೂ ಇಲ್ಲ, ಎಂದೆ.
“ಅದು ನೆಂಟರ ಮಾತು. ಹೇಳು.”

ಬಸ್ಸಿನ ಕನ್ನಡಿ ನೋಡಿ ನೋಡಿ ಒಂದು ಗೊತ್ತು ನನಗೆ:
ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು.
“ನಾಯಿ,” ಎಂದೆ, ಬಾಯಿ ಒಣಗಿ,
“ಹಕ್ಕಿಯನ್ನು ನೋಡುತ್ತಿಲ್ಲ. ನಮ್ಮನ್ನು ನೋಡುತ್ತಿದೆ.”

ಭೂತಗನ್ನಡಿ. ಗೋಡೆ ಗಡಿಯಾರ.
ಹೊರಗೆ ನನ್ನ ಹಳೇ ರೂಟಿನ ಬಸ್ಸು ಬ್ರೇಕು ಒತ್ತಿದ ಸದ್ದು,
ತಡವಾಗಿ ಒತ್ತಿದ, ಹುಡುಗ ಹೊಸಬ.
“ಹೌದು,” ಎಂದಳು.
ಉಪ್ಪುಕಾಗದ ತೆಗೆದು
ನಾಯಿಯ ಕಣ್ಣಿನಿಂದಲೇ ಶುರು ಮಾಡಿದಳು.

ಆ ಹೌದು ಎಷ್ಟು ಚಿಕ್ಕದಿತ್ತು!
ಅದರೊಳಗೆ ಬೆಳಕು ಸಾಲದೇ ಇರಲಿಲ್ಲ,
ಉಕ್ಕು ಗಡುಸಾಗಿರಲಿಲ್ಲ.

ಇವತ್ತು ಒಂಬತ್ತನೆಯ ಎಲೆ.
“ಕೋಸಲ್ಲ,” ಅಂದಳು. “ಪಾಲಕ್ ಇರಬಹುದು.”
ಮನೆಗೆ ಹೋಗುವ ಬಸ್ಸಿನಲ್ಲಿ, ಪ್ರಯಾಣಿಕರ ಸೀಟಿನಲ್ಲಿ,
ಹೆಬ್ಬೆರಳ ಉಗುರು ನೋಡಿಕೊಂಡೆ:
ಮೊನೆ ಕಚ್ಚಿದ ಸಣ್ಣ ಸಣ್ಣ ಬಿಳಿ ಗುರುತು.
ತಿರುವು ಬಂತು.
ಕೈ ತಾನಾಗಿ ಎದ್ದು, ಇಲ್ಲದ ಚಕ್ರ ಹುಡುಕಿ,
ಮೊಣಕಾಲ ಮೇಲೆ ಬಂದು ಕೂತಿತು.