ನೂರಕ್ಕೆ ನಾಲ್ಕು

ಯಮನೂರ ಪಿಕಪ್ ತಂದು ನಿಲ್ಲಿಸಿದಾಗ
ಕಾರಟಗಿಯ ಮಿಲ್ಲುಗಳಿಂದ ಹೊಟ್ಟಿನ ಬೂದಿ ಇಳಿಯುತ್ತಿತ್ತು,
ನನ್ನ ಚಹಾದ ಮೇಲೂ ಒಂದು ಕರಿ ಎಸಳು.

"ಮರ್ದಾನಣ್ಣ, ದೊಡ್ಡ ಟೈರು ಹಾಕು.
ಡಿಸ್ಕು ಮಾತ್ರ ಅವೇ ಇರ್ಲಿ,
ಕಂಪನಿಯಿಂದ ಬಂದವು, ಒಂದೂ ಸೊಟ್ಟಿಲ್ಲ."

ಅವೇ ಕಾಲು, ದೊಡ್ಡ ಕೆರ.
ಆಗತೈತಿ ಅಂದೆ, ಆದ್ರ ಒಂದೇ ನಂಬರು ಮ್ಯಾಲಿಂದು.
ಡಿಸ್ಕಿನ ಅಗಲ ಒಪ್ಪಬೇಕು,
ಒಪ್ಪದಿದ್ರ ಟೈರು ಹೊಟ್ಟಿ ಬಿಟ್ಕೊಂಡು ಕೂಡತೈತಿ,
ಎರಡನೇ ಸಲ ಹೋಳಿಗಿ ಬಡಿಸಿಕೊಂಡ ಬೀಗರಂಗ.

ಮಡ್‌ಗಾರ್ಡಿನೊಳಗೆ ಕೈಯಿಟ್ಟು ನೋಡಿದೆ.
ಮೇಲೆ ನಾಲ್ಕು ಬೆರಳು ಖಾಲಿ, ಹಿಂದೆ ಎರಡು.
ಪೀರ ಸೋಪಿನ ನೀರು ಕಲಸಿದ,
ನಾನು ಲಿವರು ಹಿಡಿದೆ.
ಗಾಳಿ ತುಂಬಿದಂತೆ ಅಂಚು ಹೋಗಿ ಡಿಸ್ಕಿಗೆ ಬಡಿಯಿತು,
ಠಪ್, ತಡೆದು ಇನ್ನೊಂದು ಠಪ್.
ಮೂವತ್ತು ವರ್ಷ ಕೇಳಿದ ಸದ್ದು,
ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಸ್ಟೇರಿಂಗು ಪೂರ್ತಿ ತಿರುವು ಅಂದೆ.
ಎಡಕ್ಕೆ ಮಾತಿಲ್ಲ.
ಬಲಕ್ಕೆ ತಿರುವಿದಾಗ ಪ್ಲಾಸ್ಟಿಕ್ಕನ್ನು ನೆಕ್ಕುವ ಸಪ್ಪಳ.
ಕಾಸಿ, ಒತ್ತಿ, ಒಳಗೆ ಸರಿಸಿದೆ.

ಎಷ್ಟು ಎದ್ದಿತೆಂದು ಯಮನೂರ ನೆಲಕ್ಕೆ ಮಲಗಿ ನೋಡಿದ.
"ಇಷ್ಟೇನಾ?"
ಅಷ್ಟೇ. ನಾಲ್ಕು ಟೈರಿನ ದುಡ್ಡಿಗೆ ಒಂದು ಬೆರಳು.
ಎದ್ದು ಅಂಗಿ ಝಾಡಿಸಿದ.
"ಸಾಕು ಬಿಡು. ನನಗ ಅಡ್ಡ ಬಂದಿದ್ದೂ ಅಷ್ಟೇ ಇತ್ತು."

ಎಂಟನೇ ದಿನಕ್ಕೆ ಮತ್ತೆ ಬಂದ, ಮುಖ ಗಂಟು.
ನೆಲ್ಲು ಕೊಯ್ದ ಗದ್ದೆಯಿಂದ ಗದ್ದೆಗೆ
ಸೂರಿಬಾಬುವಿನ ಬಾತುಕೋಳಿ ಒಯ್ಯುತ್ತಾನೆ ಇವನು,
ಬಾಡಿಗೆ ಕಿಲೋಮೀಟರಿನ ಲೆಕ್ಕ.
"ಕಾಲುವಿ ಅಲ್ಲೇ ಐತಿ, ಕ್ಯಾಂಪು ಅಲ್ಲೇ ಐತಿ,
ದಾರಿ ಹೆಂಗ ಗಿಡ್ಡ ಆತು?
ನೂರು ಹೋದ್ರ ತೊಂಬತ್ತಾರು ತೋರಸ್ತೈತಿ. ಮೀಟರು ರಿಪೇರಿ ಮಾಡು."

ಮೀಟರಿಗೆ ಏನೂ ಆಗಿಲ್ಲ ಅಂದೆ.
ಅದು ದಾರಿ ನೋಡೂದಿಲ್ಲ ತಮ್ಮಾ, ಸುತ್ತು ಎಣಸ್ತೈತಿ.

ನಂಬಲಿಲ್ಲ.
ಮೂಲೆಯಲ್ಲಿದ್ದ ಅವನ ಹಳೆ ಟೈರು ಡಿಸ್ಕಿಗೆ ಏರಿಸಿ
ಸೀಮೆಸುಣ್ಣದಿಂದ ಗೆರೆ ಹಾಕಿ ಉರುಳಿಸಿದೆ,
ಒಂದು ಸುತ್ತು. ನೆಲಕ್ಕೊಂದು ಗೆರೆ.
ಅದೇ ಜಾಗದಿಂದ ಹೊಸದು. ಇನ್ನೊಂದು ಗೆರೆ.
ನಡುವೆ ಅಂಗೈಯಗಲ.
ಕುಕ್ಕರಗಾಲಲ್ಲಿ ಕೂತು ಯಮನೂರ ಅದರ ಮೇಲೆ ಕೈಯಿಟ್ಟ.
ಸರಿಯಾಗಿ ಕೂತಿತು.

"ಅಂದ್ರ ಪ್ರತಿ ಸುತ್ತಿಗೂ
ನಾನು ಇಷ್ಟು ದಾರಿ ಪುಕ್ಕಟೆ ಹೋಗಾಕ್ಹತ್ತೀನಿ?"
ಪುಕ್ಕಟೆ ಹೊತ್ತೊಯ್ಯಾಕ್ಹತ್ತೀ, ಅಂದೆ.
ಐವತ್ತು ಅಂತ ತೋರಿಸಿದಾಗಲೂ
ನೀನು ಐವತ್ತೆರಡರ ಮ್ಯಾಲೆ ಇರ್ತಿ, ಹುಷಾರು.

ಸೂರಿಬಾಬುವಿಗೆ ಹೇಳಿದನಂತೆ.
ಅವನು ತೆಲುಗಿನಲ್ಲಿ ನಕ್ಕನಂತೆ.
ಇನ್ನು ಮೇಲೆ ಬಾಡಿಗೆ ದಾರಿಗಲ್ಲ, ಬಾತಿಗೆ ಇಷ್ಟು ಅಂತ ಮಾತಾಯಿತಂತೆ.
ಎಣಿಸಲು ನಿಂತರೆ ಬಾತು ಒಂದು ಕಡೆ ನಿಲ್ಲುವುದಿಲ್ಲ,
ದಿನಾ ಸಂಜೆ ಹೊಸ ಜಗಳ.

ಸ್ಟೆಪ್ನಿ ಮಾತ್ರ ಇನ್ನೂ ಹಳೆಯದೇ,
ಕೆಳಗೆ ಸಣ್ಣದಾಗಿ ಜೋತಾಡುತ್ತದೆ.
ಬದಲಿಸು ಅಂದರೆ ಮುಂದಿನ ಸುಗ್ಗಿಗೆ ಅನ್ನುತ್ತಾನೆ.

ಮೊನ್ನೆ ಆ ಕ್ಯಾಂಪಿಗೆ ಪಂಕ್ಚರಿಗೆಂದು ಹೋಗಿದ್ದೆ.
ಕಾಲುವೆ ಏರಿಯ ಎರೆಮಣ್ಣಿನ ಹಾದಿ,
ಎರಡು ಗಾಲಿಜಾಡಿನ ನಡುವೆ ಎದ್ದ ದಿಣ್ಣೆ.
ವರ್ಷಗಟ್ಟಲೆ ಇವನ ಹೌಸಿಂಗು ತೀಡಿ ತೀಡಿ
ಬೋಳಾಗಿದ್ದ ಜಾಗ ಅದು.
ಬೈಕು ನಿಲ್ಲಿಸಿ ನೋಡಿದೆ:
ಹುಲ್ಲು ಬಂದಿತ್ತು,
ಒಂದು ಬೆರಳಿಗಿಂತ ತುಸು ಕಡಿಮೆ,
ತುದಿಗೆ ಗ್ರೀಸು.